ಡೇಕೇರ್ ಬಿಡಿಸುವಾಗ ನೋಟಿಸ್ ಎಷ್ಟು ದಿನ, ಹೇಗೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಮನೆಯಲ್ಲೇ ಡೇಕೇರ್ ನಡೆಸುವವರು ಒಂದು ಕುಟುಂಬಕ್ಕೆ ‘ಇನ್ನು ನಮ್ಮಲ್ಲಿ ಆಗುವುದಿಲ್ಲ’ ಎಂದು ಹೇಳಬೇಕಾಗಿ ಬಂದಾಗ ಎಷ್ಟು ಮುಂಚೆ ಹೇಳಬೇಕು, ದುಡ್ಡಿನ ಲೆಕ್ಕ ಹೇಗೆ ಮುಗಿಸಬೇಕು ಎಂಬ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಡೇಕೇರ್ ನಡೆಸುವವರೂ ಬರೆದಿದ್ದಾರೆ, ತಂದೆ ತಾಯಂದಿರೂ ಬರೆದಿದ್ದಾರೆ. ಲೈಸೆನ್ಸ್ ಇರುವ ಕಡೆ ಅದರ ನಿಯಮಕ್ಕೆ ಮೊದಲ ಮಾತು, ನೀವು ಸಹಿ ಮಾಡಿದ ಒಪ್ಪಂದಕ್ಕೆ ಎರಡನೆಯದು. ಅವೆರಡೂ ಏನೂ ಹೇಳದ ಕಡೆ ಇಲ್ಲಿರುವುದು ಉಪಯೋಗಕ್ಕೆ ಬರುತ್ತದೆ.

ಪ್ರಶ್ನೆ: ನಾನು ಮನೆಯಲ್ಲಿ ಐದು ಮಕ್ಕಳನ್ನು ನೋಡಿಕೊಳ್ಳುತ್ತೇನೆ. ಎರಡೂವರೆ ವರ್ಷದ ಒಬ್ಬ ಹುಡುಗ ಬೇರೆ ಮಕ್ಕಳನ್ನು ಕಚ್ಚುತ್ತಾನೆ. ಉಳಿದ ತಾಯಂದಿರು ದಿನಾ ದೂರುತ್ತಾರೆ. ಅವನನ್ನು ಬಿಡಿಸಿಕೊಳ್ಳಿ ಎಂದು ಹೇಳಬೇಕಾಗಿದೆ. ಎಷ್ಟು ದಿನ ಕೊಡಲಿ, ಹೇಗೆ ಹೇಳಲಿ?

ದಿನದ ಲೆಕ್ಕಕ್ಕೆ ಮೊದಲು ಒಂದು ಮಾತು. ಒಂದರಿಂದ ಮೂರು ವರ್ಷದ ಮಕ್ಕಳು ಕಚ್ಚುವುದು ಸಾಮಾನ್ಯ. ಹೇಳಬೇಕೆಂದಿದ್ದಕ್ಕೆ ಮಾತು ಸಾಲದೆ ಹಲ್ಲು ಬಳಸುತ್ತಾರೆ. ಮಾತು ಬಂದಂತೆ ಹೆಚ್ಚಿನವರಲ್ಲಿ ತಾನಾಗಿ ನಿಲ್ಲುತ್ತದೆ. ಅದೊಂದೇ ಕಾರಣಕ್ಕೆ ಮಗುವನ್ನು ಕಳಿಸುವುದು ಅವಸರವಾದೀತು. ಎರಡು ವಾರ ಒಂದು ಪುಸ್ತಕದಲ್ಲಿ ಬರೆದಿಡಿ: ಕಚ್ಚಿದ್ದು ಎಷ್ಟು ಗಂಟೆಗೆ, ಅದಕ್ಕೆ ಸ್ವಲ್ಪ ಮುಂಚೆ ಏನು ನಡೆಯುತ್ತಿತ್ತು, ಪಕ್ಕದಲ್ಲಿ ಯಾರಿದ್ದರು, ನೀವೇನು ಮಾಡಿದಿರಿ. ಬಹಳ ಸಲ ಒಂದು ವೇಳೆ ಕಣ್ಣಿಗೆ ಬೀಳುತ್ತದೆ. ಊಟಕ್ಕೆ ಮುಂಚಿನ ಅರ್ಧ ಗಂಟೆಯಾದರೆ ಹಸಿವು; ಸಂಜೆಯಾದರೆ ದಣಿವು; ಒಂದೇ ಆಟದ ಗಾಡಿಯ ಸುತ್ತಲಾದರೆ ಅಂಥದ್ದೇ ಇನ್ನೊಂದು ಗಾಡಿ ತಂದಿಟ್ಟರೆ ಅರ್ಧ ಜಗಳ ಮುಗಿಯಿತು. ಆ ವೇಳೆಯಲ್ಲಿ ದೊಡ್ಡವರೊಬ್ಬರು ಅವನಿಗೆ ಕೈ ಎಟುಕುವಷ್ಟು ಹತ್ತಿರ ಇರಬೇಕು.

ಇದನ್ನೆಲ್ಲ ಮಾಡುವಾಗಲೇ ತಂದೆ ತಾಯಿಗೆ ತಿಳಿಸುತ್ತಾ ಹೋಗಿ. ನೋಟಿಸ್ ಸಿಕ್ಕಾಗ ಜಗಳವಾಗುವುದು ನೋಟಿಸ್‌ನಿಂದಲ್ಲ, ‘ಇಷ್ಟು ದಿನ ಯಾಕೆ ಹೇಳಲಿಲ್ಲ’ ಎಂಬುದರಿಂದ. ಮೊದಲು ಬಾಯಿಮಾತು. ಆಮೇಲೆ ಕೂತು ಮಾತಾಡಿ ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ನಾವು ಇಷ್ಟು ಮಾಡುತ್ತೇವೆ, ನೀವು ಮನೆಯಲ್ಲಿ ಇಷ್ಟು ಮಾಡಿ, ಇಂಥ ತಾರೀಖಿಗೆ ಮತ್ತೆ ನೋಡೋಣ. ಎರಡರಿಂದ ನಾಲ್ಕು ವಾರ ಸಾಕು. ಆ ತಾರೀಖಿಗೂ ಸುಧಾರಿಸದಿದ್ದರೆ ನೋಟಿಸ್ ಕೊಟ್ಟಾಗ ಯಾರಿಗೂ ಆಶ್ಚರ್ಯವಾಗುವುದಿಲ್ಲ.

ಈಗ ದಿನಗಳು. ಎರಡು ವಾರ ಎನ್ನುವುದು ವಾಡಿಕೆ. ನನ್ನ ಲೆಕ್ಕದಲ್ಲಿ ಅದು ಕನಿಷ್ಠ. ಮನೆಯವರು ಹೊಸ ಜಾಗಗಳಿಗೆ ಫೋನ್ ಮಾಡಬೇಕು, ಎರಡು ಮೂರು ಕಡೆ ಹೋಗಿ ನೋಡಬೇಕು, ಲಸಿಕೆ ದಾಖಲೆ ಇತ್ಯಾದಿ ಕೊಟ್ಟು ಸೇರಿಸಬೇಕು, ಆಮೇಲೆ ಮಗು ಹೊಂದಿಕೊಳ್ಳಲು ಮೊದಲ ಕೆಲವು ದಿನ ಅರ್ಧ ದಿನ ಮಾತ್ರ ಬಿಡಬೇಕು. ಕೊನೆಯದಕ್ಕೇ ಒಂದು ವಾರ ಹೋಗುತ್ತದೆ. ಆದ್ದರಿಂದ ಮಕ್ಕಳ ಸುರಕ್ಷತೆಗೆ ತೊಂದರೆಯಿಲ್ಲದಿದ್ದರೆ ನಾಲ್ಕು ವಾರ ಕೊಡಿ. ವರ್ಷ ತುಂಬದ ಕೂಸಾದರೆ ನಾಲ್ಕಕ್ಕೆ ಕಡಿಮೆ ಬೇಡವೇ ಬೇಡ. ಕೂಸುಗಳಿಗೆ ಒಬ್ಬರು ನೋಡಿಕೊಳ್ಳಬಹುದಾದ ಸಂಖ್ಯೆ ಕಡಿಮೆ, ಹಾಗಾಗಿ ಜಾಗವೂ ಎಲ್ಲೆಡೆ ಕಡಿಮೆ.

ಹೇಳುವ ರೀತಿಯಲ್ಲಿ ನಮ್ಮವರು ಎಡವುವುದು ದಾಕ್ಷಿಣ್ಯದಿಂದ. ‘ನಿಮಗೆ ಬೇರೆ ಕಡೆ ಅನುಕೂಲ ಆದ್ರೆ ನೋಡ್ಕೊಳ್ಳಿ’ ಎಂದು ಹೇಳಿ, ನೋಟಿಸ್ ಕೊಟ್ಟಾಯಿತು ಎಂದುಕೊಳ್ಳುತ್ತಾರೆ. ಕೇಳಿದವರು ಅದನ್ನು ಸಲಹೆ ಎಂದುಕೊಂಡು ಸುಮ್ಮನಿರುತ್ತಾರೆ. ತಿಂಗಳಾದ ಮೇಲೆ ಇವರಿಗೆ ಸಿಟ್ಟು, ಅವರಿಗೆ ದಿಗ್ಭ್ರಮೆ. ಬಾಯಲ್ಲಿ ತಾರೀಖು ಬರಬೇಕು. ‘ಇಪ್ಪತ್ತೆಂಟು ಅವನ ಕೊನೆಯ ದಿನ’ ಎಂಬಷ್ಟು ನೇರವಾಗಿ.

ಸಂಜೆ ಬಾಗಿಲಲ್ಲಿ, ಮಗು ಚಪ್ಪಲಿ ಹಾಕಿಕೊಳ್ಳುತ್ತಿರುವಾಗ, ಬೇರೆ ತಾಯಂದಿರ ಎದುರು ಹೇಳಬೇಡಿ. ‘ಇವತ್ತು ರಾತ್ರಿ ಎಂಟೂವರೆಗೆ ಫೋನ್ ಮಾಡಲಾ?’ ಎಂದು ಬೆಳಿಗ್ಗೆಯೇ ಕೇಳಿಟ್ಟುಕೊಳ್ಳಿ. ಸಾಧ್ಯವಾದರೆ ವಾರದ ಮೊದಲ ದಿನಗಳಲ್ಲಿ ಹೇಳಿ. ಮರುದಿನವೇ ಅವರು ನಾಲ್ಕು ಕಡೆ ವಿಚಾರಿಸಬಹುದು. ರಜೆಯ ಹಿಂದಿನ ದಿನ ಹೇಳಿದರೆ ಎರಡು ದಿನ ಮನೆಯಲ್ಲಿ ಕುದಿಯುವುದಷ್ಟೇ ಉಳಿಯುತ್ತದೆ. ಮಾತು ಮುಗಿದ ಮೇಲೆ ಅಂದೇ ಪತ್ರ ಕಳಿಸಿ. ಇಷ್ಟಿದ್ದರೆ ಸಾಕು:

‘ದಿನಾಂಕ: 3, ಸೋಮವಾರ. ನಿಮ್ಮ ಮಗನ ಆರೈಕೆಯನ್ನು 28ನೇ ತಾರೀಖು ಶುಕ್ರವಾರ ಸಂಜೆಗೆ ನಿಲ್ಲಿಸುತ್ತಿದ್ದೇವೆ. ಅದೇ ಅವನ ಕೊನೆಯ ದಿನ. ಹಿಂದೆ ಎರಡು ಸಲ ಕೂತು ಮಾತಾಡಿ ಪ್ರಯತ್ನಿಸಿದ ಮೇಲೂ, ನಮ್ಮ ಐದು ಮಕ್ಕಳ ಗುಂಪಿನಲ್ಲಿ ಅವನಿಗೆ ಬೇಕಾದಷ್ಟು ಗಮನ ಕೊಡಲು ನಮಗೆ ಆಗುತ್ತಿಲ್ಲ. ಕೊನೆಯ ದಿನದವರೆಗೂ ಸಮಯ, ಫೀಸ್ ಎಲ್ಲ ಈಗಿನಂತೆಯೇ. ಡೆಪಾಸಿಟ್ ಲೆಕ್ಕ ಮಾಡಿ 28ರೊಳಗೆ ಹಿಂದಿರುಗಿಸುತ್ತೇವೆ. ಹೊಸ ಡೇಕೇರ್‌ನವರಿಗೆ ಬೇಕಾದ ಮಾಹಿತಿಯ ಹಾಳೆ ಬರೆದು ಕೊಡುತ್ತೇವೆ. ನೀವು ಬೇಗ ಬಿಡಿಸಿಕೊಳ್ಳುವುದಾದರೆ ಎರಡು ದಿನ ಮುಂಚೆ ತಿಳಿಸಿ.’

‘ಹಠಮಾರಿ’, ‘ಒರಟ’, ‘ಮನೆಯಲ್ಲಿ ಮುದ್ದು ಜಾಸ್ತಿ’ ಯಾವುದೂ ಪತ್ರದಲ್ಲಿ ಬೇಡ. ಕಚ್ಚಿಸಿಕೊಂಡ ಮಗುವಿನ ಹೆಸರೂ ಬೇಡ. ಅಂಗವೈಕಲ್ಯವೋ ಬೆಳವಣಿಗೆಯ ತೊಂದರೆಯೋ ಇದೆ ಎಂದು ವೈದ್ಯರು ಹೇಳಿರುವ ಮಗುವಾದರೆ, ನೋಟಿಸ್ ಬರೆಯುವ ಮುನ್ನ ಕಾನೂನು ಬಲ್ಲವರನ್ನು ಕೇಳಿ. ಅಂಥ ಮಗುವಿಗಾಗಿ ಸಾಧ್ಯವಾದ ಬದಲಾವಣೆ ಮಾಡಿನೋಡದೆ ಕಳಿಸುವುದು ಹಲವು ದೇಶಗಳಲ್ಲಿ ಕಾನೂನಿಗೆ ವಿರುದ್ಧ.

— *ಮುಂದಿನದು ಲೆಕ್ಕದ ಪ್ರಶ್ನೆ. ಇದರಲ್ಲೇ ಹೆಚ್ಚು ಜಗಳ.*

ಪ್ರಶ್ನೆ: ನಮ್ಮ ಒಪ್ಪಂದದಲ್ಲಿ ‘14 ದಿನ ನೋಟಿಸ್’ ಎಂದಿದೆ. ಕೊಟ್ಟ ದಿನವೂ ಸೇರಿಯೇ? ರಜೆ ದಿನಗಳು ಸೇರುತ್ತವೆಯೇ? ತಿಂಗಳ ನಡುವೆ ಬಿಟ್ಟರೆ ಫೀಸ್ ಎಷ್ಟು ಹಿಂದಿರುಗಿಸಬೇಕು?

ಒಪ್ಪಂದದಲ್ಲಿ ಬರೆಯದೆ ಬಿಟ್ಟಿದ್ದೇ ತೊಂದರೆ. 3ನೇ ತಾರೀಖು ಸೋಮವಾರ ನೋಟಿಸ್ ಕೊಟ್ಟಿರಿ ಎಂದಿಟ್ಟುಕೊಳ್ಳಿ. ಕೊಟ್ಟ ದಿನ ಬಿಟ್ಟು ಮರುದಿನದಿಂದ ಎಣಿಸುವುದು ರೂಢಿ. ಎಲ್ಲ ದಿನಗಳನ್ನೂ ಎಣಿಸಿದರೆ 14ನೇ ದಿನ 17, ಸೋಮವಾರ. ವಾರಕ್ಕೆ ಐದು ದಿನ ನಡೆಯುವ ಡೇಕೇರ್‌ನಲ್ಲಿ ಕೆಲಸದ ದಿನ ಮಾತ್ರ ಎಣಿಸಿದರೆ 21, ಶುಕ್ರವಾರ. ನಾಲ್ಕು ದಿನದ ವ್ಯತ್ಯಾಸ. ಅಮ್ಮ ಒಂದು ಎಣಿಸಿರುತ್ತಾರೆ, ಡೇಕೇರ್‌ನವರು ಇನ್ನೊಂದು.

ಇದಕ್ಕೆ ಮದ್ದು ಸುಲಭ. ದಿನಗಳ ಸಂಖ್ಯೆಯ ಜೊತೆಗೆ ತಾರೀಖು ಮತ್ತು ವಾರ ಎರಡನ್ನೂ ಬರೆಯಿರಿ. ಅನುಮಾನವಿದ್ದಾಗ ಉದ್ದವಾದ ಲೆಕ್ಕವನ್ನೇ ಹಿಡಿದು, ವಾರದ ಕೊನೆಯ ಕೆಲಸದ ದಿನಕ್ಕೆ ಮುಗಿಸಿ. ಸೋಮವಾರವೊಂದನ್ನೇ ಬಾಲದಂತೆ ಉಳಿಸಿದರೆ ಮಗುವಿಗೂ ಗೊಂದಲ, ಹೊಸ ಕಡೆ ಸೇರಿಸುವುದಕ್ಕೂ ತೊಡಕು. ನೀವೇ ರಜೆ ಹಾಕಿ ಡೇಕೇರ್ ಮುಚ್ಚಿದ ದಿನಗಳನ್ನು ನೋಟಿಸ್ ಅವಧಿಗೆ ಸೇರಿಸಬೇಡಿ. ಒಂದು ವಾರ ಬಾಗಿಲು ಹಾಕಿಕೊಂಡು ‘ಎರಡು ವಾರ ನೋಟಿಸ್ ಕೊಟ್ಟಿದ್ದೆ’ ಎಂದರೆ ಯಾರೂ ಒಪ್ಪುವುದಿಲ್ಲ.

ಈಗ ಫೀಸ್. ಅದೇ ತಿಂಗಳು, 30 ದಿನ, ಶನಿವಾರ ಶುರುವಾಗಿದೆ. ಕೆಲಸದ ದಿನಗಳು 20. ಕೊನೆಯ ದಿನ 21 ಎಂದರೆ ಮಗು ಬರಬೇಕಾದ ದಿನಗಳು 15. ಹದಿನೈದನ್ನು ಇಪ್ಪತ್ತರಿಂದ ಭಾಗಿಸಿ: ತಿಂಗಳ ಫೀಸನ್ನು ನೂರು ಭಾಗ ಎಂದುಕೊಂಡರೆ 75 ಭಾಗ ನಿಮ್ಮದು, 25 ಭಾಗ ಅವರದು. ಎಲ್ಲ ದಿನಗಳ ಲೆಕ್ಕ ಹಿಡಿದರೆ 21 ಭಾಗಿಸು 30, ಅಂದರೆ 70 ಭಾಗ ನಿಮ್ಮದು, 30 ಅವರದು. ಎರಡೂ ನ್ಯಾಯವೇ. ಆದರೆ ಸೇರುವಾಗ ಒಂದು ಲೆಕ್ಕ, ಬಿಡುವಾಗ ಇನ್ನೊಂದು ಮಾಡಬಾರದು. ಮಗು ತಿಂಗಳ ನಡುವೆ ಸೇರಿದಾಗ ಯಾವ ಲೆಕ್ಕದಲ್ಲಿ ತೆಗೆದುಕೊಂಡಿದ್ದಿರೋ ಅದೇ ಈಗಲೂ.

ಡೆಪಾಸಿಟ್ ಒಂದು ತಿಂಗಳ ಫೀಸಿನಷ್ಟು ಇದ್ದು, ಈ ತಿಂಗಳ ಫೀಸ್ ಪೂರ್ತಿ ಕೊಟ್ಟಿದ್ದರೆ (ಕೆಲಸದ ದಿನಗಳ ಲೆಕ್ಕದಲ್ಲಿ) ಡೆಪಾಸಿಟ್ಟಿನ ನೂರು, ಫೀಸಿನ ಇಪ್ಪತ್ತೈದು, ಒಟ್ಟು ನೂರಿಪ್ಪತ್ತೈದು ಭಾಗ ಹಿಂದಿರುಗಬೇಕು. ಫೀಸ್ ಕೊಟ್ಟೇ ಇಲ್ಲದಿದ್ದರೆ ಡೆಪಾಸಿಟ್‌ನಿಂದ ಎಪ್ಪತ್ತೈದು ಕಳೆದು ಇಪ್ಪತ್ತೈದು. ಈ ಕೂಡಿ ಕಳೆಯುವ ಲೆಕ್ಕವನ್ನು ಪತ್ರದ ಹಿಂಬದಿಯಲ್ಲೇ ನಾಲ್ಕು ಸಾಲು ಬರೆದುಬಿಡಿ. ಬಾಯಿಲೆಕ್ಕ ಯಾರಿಗೂ ನೆನಪಿರುವುದಿಲ್ಲ. ನೋಟಿಸ್ ಅವಧಿಯಲ್ಲಿ ಮಗುವನ್ನು ಕಳಿಸದಿದ್ದರೂ ಫೀಸ್ ಕೊಡಬೇಕೋ ಬೇಡವೋ ಎಂಬುದು ಒಪ್ಪಂದದಲ್ಲಿ ಇರಬೇಕು. ನೀವೇ ನೋಟಿಸ್ ಕೊಟ್ಟಿದ್ದರೆ ಬಂದ ದಿನಗಳಿಗಷ್ಟೇ ತೆಗೆದುಕೊಳ್ಳಿ ಎಂದು ನಾನು ಹೇಳುತ್ತೇನೆ. ಅವರು ಬಿಡಿಸಿಕೊಳ್ಳುವುದಾದರೆ ಪೂರ್ತಿ ಅವಧಿಯ ಫೀಸ್ ಕೇಳುವುದು ತಪ್ಪಲ್ಲ. ನೀವು ಆ ಜಾಗವನ್ನು ಖಾಲಿ ಇಟ್ಟಿರುತ್ತೀರಿ.

ಪ್ರಶ್ನೆ: ಒಂದು ಕುಟುಂಬ ಫೀಸ್ ಕೊಡುವುದಿಲ್ಲ. ಕೇಳಿದರೆ ‘ಮುಂದಿನ ವಾರ ಖಂಡಿತ ಆಂಟಿ’ ಎನ್ನುತ್ತಾರೆ. ಅವರಿಗೂ ಎರಡು ವಾರ ನೋಟಿಸ್ ಕೊಡಬೇಕಾ?

ಕೊಟ್ಟರೆ ಬಾಕಿ ಇನ್ನೂ ಎರಡು ವಾರ ಬೆಳೆಯುತ್ತದೆ. ಇಲ್ಲಿ ಡೆಪಾಸಿಟ್ಟೇ ನಿಮ್ಮ ಗಡಿಯಾರ. ಡೆಪಾಸಿಟ್ ನಾಲ್ಕು ವಾರದ ಫೀಸಿನಷ್ಟಿದ್ದು, ನೋಟಿಸ್ ಎರಡು ವಾರ ಎಂದಿದ್ದರೆ, ಬಾಕಿ ಎರಡು ವಾರ ಮುಟ್ಟಿದ ದಿನವೇ ನೋಟಿಸ್ ಹೋಗಬೇಕು. ಎರಡು ವಾರದ ಬಾಕಿ, ಎರಡು ವಾರದ ನೋಟಿಸ್, ಅಲ್ಲಿಗೆ ಡೆಪಾಸಿಟ್ ಸರಿಹೋಯಿತು. ಅದನ್ನು ದಾಟಿ ‘ಪಾಪ, ಕೊಡ್ತಾರೆ’ ಎಂದು ಕಾಯ್ದ ಪ್ರತಿ ದಿನವೂ ನಿಮ್ಮ ಕೈಯಿಂದ. ಈಗಾಗಲೇ ದಾಟಿದ್ದರೆ ಬರೆದುಕೊಡಿ: ಬಾಕಿ ಇಷ್ಟು, ಐದು ಕೆಲಸದ ದಿನದೊಳಗೆ ಪೂರ್ತಿ ಬರಬೇಕು, ಬರದಿದ್ದರೆ ಮರುದಿನದಿಂದ ಮಗುವನ್ನು ತೆಗೆದುಕೊಳ್ಳಲಾಗುವುದಿಲ್ಲ. ಮರುದಿನ ಮಗುವನ್ನು ಕರೆದುಕೊಂಡು ಬಂದೇಬಿಟ್ಟರೆ? ಬಾಗಿಲಲ್ಲಿ ಮಗುವನ್ನು ವಾಪಸು ಕಳಿಸುವ ಪರಿಸ್ಥಿತಿ ಬಾರದಂತೆ ಹಿಂದಿನ ಸಂಜೆಯೇ ಫೋನ್ ಮಾಡಿ ‘ನಾಳೆ ಇಲ್ಲ’ ಎಂದು ಹೇಳಿ.

ಸ್ವಲ್ಪ ದುಡ್ಡು ಕೊಟ್ಟರೆ ರಸೀದಿಯಲ್ಲಿ ‘ಇದು ಇಂಥ ವಾರದ ಬಾಕಿಗೆ, ನೋಟಿಸ್ ಜಾರಿಯಲ್ಲಿದೆ’ ಎಂದು ಬರೆಯಿರಿ. ಬರೆಯದಿದ್ದರೆ ‘ದುಡ್ಡು ತಗೊಂಡರಲ್ಲ, ನೋಟಿಸ್ ವಾಪಸ್ ಆಯ್ತು ಅಂದ್ಕೊಂಡ್ವಿ’ ಎಂಬ ಉತ್ತರ ಸಿದ್ಧವಿರುತ್ತದೆ. ಮಗುವಿನ ಬಟ್ಟೆ, ಹೊದಿಕೆ, ದಾಖಲೆ ಯಾವುದನ್ನೂ ಬಾಕಿಗೆ ಹಿಡಿದಿಟ್ಟುಕೊಳ್ಳಬಾರದು. ವಸೂಲಿ ಬೇರೆ ವಿಷಯ.

ಸಂಜೆ ತಡವಾಗಿ ಬರುವವರ ವಿಷಯವೂ ಹೆಚ್ಚುಕಡಿಮೆ ಹೀಗೇ. ಬಂದ ಸಮಯವನ್ನು ರಿಜಿಸ್ಟರಿನಲ್ಲಿ ಅವರ ಕೈಯಲ್ಲೇ ಬರೆಸಿ ಸಹಿ ಹಾಕಿಸಿ. ‘ಯಾವಾಗಲೂ ಲೇಟು’ ಎಂದರೆ ವಾದ. ‘ಕಳೆದ ತಿಂಗಳು ಇಂಥಿಂಥ ದಿನ ಆರೂ ನಲವತ್ತಕ್ಕೆ’ ಎಂದರೆ ವಾದವಿಲ್ಲ.

ಪ್ರಶ್ನೆ: ಆರೋಗ್ಯದ ಕಾರಣ ಡೇಕೇರ್ ಪೂರ್ತಿ ಮುಚ್ಚುತ್ತಿದ್ದೇನೆ. ಆರು ಮಕ್ಕಳಿದ್ದಾರೆ, ಒಬ್ಬ ಸಹಾಯಕಿ ಇದ್ದಾಳೆ. ಬೇಗ ಹೇಳಿದರೆ ಎಲ್ಲರೂ ತಕ್ಷಣ ಬಿಟ್ಟುಹೋಗುತ್ತಾರೆ ಎಂಬ ಭಯ.

ಹೋಗುತ್ತಾರೆ, ಕೆಲವರು. ಜಾಗ ಸಿಕ್ಕಾಗಲೇ ಹಿಡಿಯಬೇಕಾದವರು ನಿಮ್ಮ ಕೊನೆಯ ದಿನದವರೆಗೆ ಕಾಯಲು ಆಗುವುದಿಲ್ಲ. ಅದನ್ನು ತಪ್ಪಿಸಲು ವಿಷಯ ಮುಚ್ಚಿಡುವುದಕ್ಕಿಂತ ಮೊದಲೇ ಲೆಕ್ಕಕ್ಕೆ ಹಿಡಿಯುವುದು ಒಳ್ಳೆಯದು. ಆರೋಗ್ಯ ಅವಕಾಶ ಕೊಟ್ಟರೆ 90 ದಿನ ಮುಂಚೆ ತಿಳಿಸಿ, 60ಕ್ಕಿಂತ ಕಡಿಮೆ ಮಾಡಬೇಡಿ. ಮುಚ್ಚುವ ತಾರೀಖನ್ನು ಶಾಲೆಗಳ ವರ್ಷಾರಂಭದ ಹತ್ತಿರ ಇಟ್ಟುಕೊಳ್ಳಲು ಆಗುವುದಾದರೆ ಮೂರು ನಾಲ್ಕು ವರ್ಷದ ಮಕ್ಕಳು ಹೇಗೂ ಶಾಲೆಗೆ ಹೊರಡುತ್ತಾರೆ, ಹುಡುಕಬೇಕಾದ ಕುಟುಂಬಗಳು ಕಡಿಮೆಯಾಗುತ್ತವೆ. ಮುಚ್ಚಬೇಕೆಂದು ನಿರ್ಧಾರ ಮಾಡಿದ ದಿನದಿಂದ ಹೊಸ ಮಗುವನ್ನು ಸೇರಿಸಿಕೊಳ್ಳಬೇಡಿ.

ಹೇಳುವ ಕ್ರಮ ಮುಖ್ಯ. ಮೊದಲು ಸಹಾಯಕಿಗೆ, ಒಂದು ದಿನ ಮುಂಚೆ. ಅವಳ ಜೀವನೋಪಾಯವೂ ಇದರಲ್ಲೇ ಇದೆ, ಮತ್ತು ಅಮ್ಮಂದಿರು ಮೊದಲು ಹೋಗಿ ಕೇಳುವುದು ಅವಳನ್ನೇ. ಮರುದಿನ ಆರೂ ಮನೆಗೆ ಒಂದೇ ದಿನ, ಒಂದೇ ಒಕ್ಕಣೆಯ ಪತ್ರ. ಬೆಳಿಗ್ಗೆ ಒಬ್ಬರಿಗೆ ಗೊತ್ತಾದರೆ ಮಧ್ಯಾಹ್ನದೊಳಗೆ ಎಲ್ಲರಿಗೂ ಗೊತ್ತಾಗಿ, ಕೊನೆಗೆ ತಿಳಿದವರು ‘ನಾವು ಬೇಡವಾದವರಾ’ ಎಂದುಕೊಳ್ಳುತ್ತಾರೆ. ಆಮೇಲೆ ಒಬ್ಬೊಬ್ಬರೊಂದಿಗೆ ಹತ್ತು ನಿಮಿಷದ ಮಾತು. ಕಾರಣ ಒಂದು ಸಾಲಿನಲ್ಲಿ ಸಾಕು. ನಿಮ್ಮ ರಿಪೋರ್ಟುಗಳನ್ನು ಯಾರಿಗೂ ತೋರಿಸಬೇಕಿಲ್ಲ.

ದುಡ್ಡು ಬಿಗಿಯಾಗುವುದು ಕೊನೆಯ ತಿಂಗಳು. ಮೂರನೇ ತಿಂಗಳಿಗೆ ಇಬ್ಬರೋ ಮೂವರೋ ಮಕ್ಕಳು ಉಳಿದಿರುತ್ತಾರೆ, ಸಹಾಯಕಿಯ ಸಂಬಳ ಮಾತ್ರ ಪೂರ್ತಿ. ಅದರ ಮೇಲೆ ಆರು ಡೆಪಾಸಿಟ್ ಹಿಂದಿರುಗಿಸಬೇಕು, ಆ ದುಡ್ಡು ಸಾಮಾನ್ಯವಾಗಿ ಬೇರೆಲ್ಲೋ ಖರ್ಚಾಗಿರುತ್ತದೆ. ನೇರ ದಾರಿಯೊಂದಿದೆ: ‘ಕೊನೆಯ ತಿಂಗಳ ಫೀಸ್ ಕೊಡಬೇಕಿಲ್ಲ, ಡೆಪಾಸಿಟ್ಟನ್ನು ಅದಕ್ಕೆ ಹೊಂದಿಸುತ್ತೇವೆ’ ಎಂದು ಪತ್ರದಲ್ಲೇ ಬರೆದುಬಿಡಿ. ಕೊನೆಯಲ್ಲಿ ಒಟ್ಟಿಗೆ ಹಣ ಹುಡುಕುವ ಕಷ್ಟ ತಪ್ಪುತ್ತದೆ. ಆದರೆ ಆ ತಿಂಗಳು ಕೈಗೆ ಏನೂ ಬರುವುದಿಲ್ಲವಾದ್ದರಿಂದ ಸಂಬಳ, ಬಾಡಿಗೆ, ಅಡುಗೆ ಖರ್ಚನ್ನು ಮೊದಲೆರಡು ತಿಂಗಳಲ್ಲೇ ತೆಗೆದಿಡಿ.

ಬೇಗ ಹೋಗಬೇಕೆನ್ನುವವರನ್ನು ಪೂರ್ತಿ ನೋಟಿಸ್ ಅವಧಿಗೆ ಕಟ್ಟಿಹಾಕಬೇಡಿ. ಮುಚ್ಚುತ್ತಿರುವುದು ನೀವು. ಒಂದು ವಾರದ ಮುನ್ಸೂಚನೆ ಕೊಟ್ಟರೆ ಸಾಕು ಎಂದು ಸಡಿಲಿಸಿ. ಆಸುಪಾಸಿನ ಡೇಕೇರ್‌ಗಳಿಗೆ ನೀವೇ ಫೋನ್ ಮಾಡಿ ಯಾವ ವಯಸ್ಸಿನ ಮಗುವಿಗೆ ಜಾಗ ಇದೆ ಎಂದು ಕೇಳಿ ಪಟ್ಟಿ ಕೊಟ್ಟರೆ ಕುಟುಂಬಗಳಿಗೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ. ಶಿಫಾರಸು ಮಾಡುವುದು ಬೇಡ, ಪಟ್ಟಿ ಸಾಕು. ಲೈಸೆನ್ಸ್ ಕೊಟ್ಟವರಿಗೆ ಬರೆದು ತಿಳಿಸಿ. ವಿಮೆ ಇದ್ದರೆ ಕೊನೆಯ ಮಗು ಮನೆಗೆ ಹೋಗುವವರೆಗೂ ನಿಲ್ಲಿಸಬೇಡಿ.

ಪ್ರಶ್ನೆ: ನೋಟಿಸ್ ಇಲ್ಲದೆ ಅಂದೇ ನಿಲ್ಲಿಸಬಹುದಾದ ಸಂದರ್ಭ ಇದೆಯೇ?

ಇದೆ. ಮನೆಯವರು ನಿಮಗೋ ಬೇರೆ ಮಕ್ಕಳಿಗೋ ಹೊಡೆದರೆ, ಬೆದರಿಸಿದರೆ. ಮಗುವಿನ ವರ್ತನೆಯಿಂದ ಇನ್ನೊಂದು ಮಗುವಿಗೆ ಗಂಭೀರ ಗಾಯವಾಗುವಂತಿದ್ದು ನಿಮ್ಮ ಕೈಯಲ್ಲಿ ತಡೆಯಲು ಆಗದಿದ್ದರೆ. ಹರಡುವ ಕಾಯಿಲೆಯನ್ನು ಜ್ವರದ ಔಷಧ ಕುಡಿಸಿ ಮುಚ್ಚಿ ಪದೇ ಪದೇ ಕಳಿಸಿದರೆ. ಆಗಲೂ ಪತ್ರ ಬೇಕು, ಬಳಸದ ದಿನಗಳ ಫೀಸ್ ಹಿಂದಿರುಗಬೇಕು. ಕುಡಿದು ಬಂದವರ ಕೈಗೆ ಮಗುವನ್ನು ಕೊಡದೆ, ಕರೆದೊಯ್ಯಲು ಅನುಮತಿಯಿರುವ ಪಟ್ಟಿಯಲ್ಲಿರುವ ಇನ್ನೊಬ್ಬರಿಗೆ ಫೋನ್ ಮಾಡಿ.

ಒಂದು ಸಂದರ್ಭದಲ್ಲಿ ಮಾತ್ರ ಆತುರದಿಂದ ನಿಲ್ಲಿಸಬೇಡಿ. ಮಗುವಿಗೆ ಮನೆಯಲ್ಲಿ ಹಿಂಸೆಯಾಗುತ್ತಿದೆ ಎಂಬ ಅನುಮಾನ ಬಂದು, ‘ನಮಗ್ಯಾಕೆ ಈ ಗೋಜಲು’ ಎಂದು ಕಳಿಸಿಬಿಟ್ಟರೆ, ಅದನ್ನು ದಿನವೂ ನೋಡುವ ಹೊರಗಿನ ಕಣ್ಣು ಇಲ್ಲದಾಗುತ್ತದೆ. ಮಕ್ಕಳ ರಕ್ಷಣೆಯ ಸಹಾಯವಾಣಿಗೋ ಇಲಾಖೆಗೋ ಮೊದಲು ತಿಳಿಸಿ, ಅವರು ಹೇಳಿದಂತೆ ಮುಂದುವರಿಯಿರಿ.

ಪ್ರಶ್ನೆ: ವಾಟ್ಸ್ಆ್ಯಪ್‌ನಲ್ಲಿ ನೋಟಿಸ್ ಕೊಟ್ಟರೆ ನಡೆಯುತ್ತದಾ?

ಒಪ್ಪಂದದಲ್ಲಿ ಹಾಗೆಂದು ಬರೆದಿದ್ದರೆ ನಡೆಯುತ್ತದೆ. ಬರೆಯದಿದ್ದರೂ ದಾಖಲೆಯಾಗಿ ಉಪಯೋಗವಿದೆ. ಪತ್ರಕ್ಕೆ ಸಹಿ ಹಾಕಿ, ಅದರ ಫೋಟೊವನ್ನು ತಂದೆ ತಾಯಿ ಇಬ್ಬರಿಗೂ ಕಳಿಸಿ, ‘ತಲುಪಿತು’ ಎಂಬ ಉತ್ತರ ಕೇಳಿ ಪಡೆಯಿರಿ. ನೀಲಿ ಗೆರೆ ಮೂಡಿದ್ದನ್ನೇ ಒಪ್ಪಿಗೆ ಎಂದುಕೊಳ್ಳಬೇಡಿ. ಗುಂಪಿಗಂತೂ ಹಾಕಲೇಬೇಡಿ. ಧ್ವನಿ ಸಂದೇಶವೂ ಬೇಡ. ಆರು ನಿಮಿಷದ ಆಡಿಯೊದಲ್ಲಿ ತಾರೀಖು ಎಲ್ಲಿತ್ತು ಎಂದು ಹುಡುಕುವುದರಲ್ಲೇ ಸುಸ್ತು.

ಪ್ರಶ್ನೆ: ನಮ್ಮ ಹದಿನಾಲ್ಕು ತಿಂಗಳ ಮಗಳಿಗೆ ಡೇಕೇರ್‌ನವರು ಎರಡು ವಾರ ನೋಟಿಸ್ ಕೊಟ್ಟಿದ್ದಾರೆ. ನಾವಿಬ್ಬರೂ ಕೆಲಸಕ್ಕೆ ಹೋಗುವವರು. ಏನು ಕೇಳಬೇಕು?

ಯಾಕೆ ಎಂದು ಒಂದು ಸಲ ಕೇಳಿ, ಎರಡು ಸಲ ಬೇಡ. ವಾದ ಮಾಡುವುದರಲ್ಲಿ ಹೋದ ಮೂರು ದಿನ ಹುಡುಕುವ ಹನ್ನೊಂದು ದಿನವನ್ನಷ್ಟೇ ಉಳಿಸುತ್ತದೆ. ಇನ್ನೂ ಸ್ವಲ್ಪ ಸಮಯ ಬೇಕಿದ್ದರೆ ‘ದಯವಿಟ್ಟು ನೋಡಿ’ ಎನ್ನುವ ಬದಲು ತಾರೀಖು ಹೇಳಿ ಕೇಳಿ: ‘ಇನ್ನೊಂದು ವಾರ, ಬೆಳಿಗ್ಗೆ ಮಾತ್ರ, ಆಗುತ್ತಾ?’ ಅರ್ಧ ದಿನಕ್ಕೆ ಒಪ್ಪುವವರು ಹೆಚ್ಚು. ನೋಟಿಸ್ ಬಂದ ದಿನವೇ ಆಫೀಸಿನಲ್ಲಿ ಇಬ್ಬರೂ ಎಷ್ಟೆಷ್ಟು ರಜೆ ಹಾಕಬಹುದು ಎಂದು ನೋಡಿಟ್ಟುಕೊಳ್ಳಿ. ಆ ರಜೆಯನ್ನು ಹುಡುಕಾಟಕ್ಕೆ ಮುಗಿಸದೆ ಮಗು ಹೊಸ ಕಡೆ ಹೊಂದಿಕೊಳ್ಳುವ ಮೊದಲ ವಾರಕ್ಕೆ ಉಳಿಸಿ. ಈ ವಯಸ್ಸಿನಲ್ಲಿ ತಾಯಿ ಕಣ್ಣಿಗೆ ಕಾಣದಿದ್ದರೆ ಅಳುವುದು ಜೋರಾಗಿರುತ್ತದೆ. ಹತ್ತರಿಂದ ಹದಿನೆಂಟು ತಿಂಗಳ ನಡುವೆ ಅದು ಸಾಮಾನ್ಯವಾಗಿ ತುತ್ತತುದಿಯಲ್ಲಿರುತ್ತದೆ.

ಡೇಕೇರ್‌ನವರಿಂದ ಕೇಳಿ ಪಡೆಯಬೇಕಾದದ್ದು ಒಂದು ಹಾಳೆ. ನಿಮಗೆ ಗೊತ್ತಿಲ್ಲದ ಹಗಲಿನ ವಿಷಯಗಳು ಅದರಲ್ಲಿರಬೇಕು. ಹಗಲು ಎಷ್ಟು ಗಂಟೆಗೆ ಮಲಗುತ್ತಾಳೆ, ಎಷ್ಟು ಹೊತ್ತು, ಹೇಗೆ ಮಲಗಿಸುತ್ತಾರೆ: ತೊಡೆಯ ಮೇಲೋ, ಬೆನ್ನು ತಟ್ಟಿಯೋ, ಅದೇ ಹೊದಿಕೆಯೇ ಬೇಕೋ. ಹಾಲು ಒಂದು ಸಲಕ್ಕೆ ಎಷ್ಟು ಮಿಲಿ, ಬೆಚ್ಚಗೋ ತಣ್ಣಗೋ. ಗಂಟಲಿಗೆ ಸಿಕ್ಕಿಸಿಕೊಳ್ಳುವ ಅಭ್ಯಾಸ ಯಾವುದರಲ್ಲಿ. ಅಲರ್ಜಿ, ಔಷಧ, ಕೊನೆಯ ಸಲ ಜ್ವರ ಬಂದಾಗ ಏನಾಯಿತು. ನೀರಿಗೆ, ಹಾಲಿಗೆ, ಶೌಚಕ್ಕೆ ಅವಳು ಬಳಸುವ ಶಬ್ದ ಅಥವಾ ಸನ್ನೆ. ಅಳುವಾಗ ಸುಮ್ಮನಾಗಿಸಲು ಕೆಲಸ ಮಾಡುವುದು, ಮಾಡದಿರುವುದು. ಕೊನೆಯದನ್ನು ಯಾರೂ ಬರೆಯುವುದಿಲ್ಲ, ಹೊಸಬರಿಗೆ ಅತಿ ಹೆಚ್ಚು ಬೇಕಾಗುವುದು ಅದೇ.

ಹೊಸ ಡೇಕೇರ್‌ನವರು ಯಾಕೆ ಬಿಟ್ಟಿರಿ ಎಂದು ಕೇಳೇ ಕೇಳುತ್ತಾರೆ. ನಡೆದಿದ್ದನ್ನೇ ಹೇಳಿ. ಮುಚ್ಚಿಟ್ಟ ಅಭ್ಯಾಸ ಎರಡನೇ ವಾರದಲ್ಲಿ ತಾನೇ ಹೊರಬೀಳುತ್ತದೆ, ಮತ್ತೊಂದು ನೋಟಿಸ್ ಬರುವ ದಾರಿ ಅದು.

ಪ್ರಶ್ನೆ: ನಾವೇ ಬಿಡಿಸಿಕೊಳ್ಳಬೇಕೆಂದಿದ್ದೇವೆ. ಮೊದಲೇ ಹೇಳಿದರೆ ಉಳಿದ ದಿನ ಮಗುವನ್ನು ಸರಿಯಾಗಿ ನೋಡಿಕೊಳ್ಳುವುದಿಲ್ಲವೇನೋ?

ಆ ಭಯ ನಿಜವಾಗಿಯೂ ಇದ್ದರೆ ನೋಟಿಸ್ ಅವಧಿಯ ಫೀಸ್ ಕೊಟ್ಟು ಮಗುವನ್ನು ನಾಳೆಯೇ ಬಿಡಿಸಿ; ಅಂಥ ಕಡೆ ಇನ್ನೊಂದು ದಿನವೂ ಬೇಡ. ಬರೀ ಸಂಕೋಚವಾದರೆ, ಹೊಸ ಕಡೆ ಜಾಗ ಖಾತ್ರಿಯಾಗಿ ಅಡ್ವಾನ್ಸ್ ಕೊಟ್ಟ ದಿನ ಸಂಜೆ ಹೇಳಿ, ಪತ್ರ ಕೊಡಿ. ಹಳೆಯದು ಮುಗಿಯುವುದಕ್ಕೂ ಹೊಸದು ಶುರುವಾಗುವುದಕ್ಕೂ ಮೂರರಿಂದ ಐದು ದಿನ ಒಂದರ ಮೇಲೊಂದು ಬರುವಂತೆ ಇಟ್ಟುಕೊಂಡರೆ, ಮಗು ಬೆಳಿಗ್ಗೆ ಹೊಸ ಕಡೆ ಎರಡು ಗಂಟೆ ಇದ್ದು ಹಳೆಯ ಕಡೆ ಊಟ ನಿದ್ದೆ ಮಾಡಬಹುದು. ಎರಡೂ ಕಡೆ ಫೀಸ್ ಬೀಳುತ್ತದೆ. ಬಿದ್ದರೂ ಲಾಭವೇ.

ಪ್ರಶ್ನೆ: ಮಗುವಿಗೆ ಯಾವಾಗ, ಏನೆಂದು ಹೇಳಬೇಕು? ಯಾರು ಹೇಳಬೇಕು?

ಮೊದಲು ತಂದೆ ತಾಯಿ, ಮನೆಯಲ್ಲಿ. ಡೇಕೇರ್‌ನವರು ಆಮೇಲೆ ಅದೇ ಮಾತನ್ನು ಹೇಳಬೇಕು, ಬೇರೆಯದನ್ನಲ್ಲ. ಎರಡು ವರ್ಷದೊಳಗಿನವರಿಗೆ ಎರಡು ಮೂರು ದಿನ ಮುಂಚೆ ಸಾಕು. ಮೂರರಿಂದ ಐದರವರಿಗೆ ಒಂದು ವಾರ. ತಿಂಗಳ ಮುಂಚೆ ಹೇಳಿದರೆ ಆ ವಯಸ್ಸಿನ ಮಗುವಿಗೆ ತಿಂಗಳು ಎಂದರೇನೆಂದು ಗೊತ್ತಿಲ್ಲದೆ ದಿನಾ ಬೆಳಿಗ್ಗೆ ‘ಇವತ್ತಾ?’ ಎಂದು ಕೇಳುತ್ತಿರುತ್ತದೆ. ಗೋಡೆಗೆ ಐದು ಚೀಟಿ ಅಂಟಿಸಿ, ದಿನಕ್ಕೊಂದು ಕೀಳಲು ಮಗುವಿಗೇ ಬಿಡಿ. ಕೊನೆಯ ಚೀಟಿಯ ದಿನ ಟಾಟಾ ಹೇಳುವ ದಿನ ಎಂದು ಗೊತ್ತಾಗುತ್ತದೆ.

ಕಚ್ಚಿದ್ದಕ್ಕೆ, ಅತ್ತಿದ್ದಕ್ಕೆ ಕಳಿಸುತ್ತಿದ್ದಾರೆ ಎಂಬ ಭಾವನೆ ಯಾವ ಬಾಯಿಂದಲೂ ಬರಬಾರದು. ‘ನೀನು ಗಲಾಟೆ ಮಾಡಿದ್ದಕ್ಕೇ ಆಂಟಿ ಬೇಡ ಅಂದ್ರು’ ಎಂದು ತಮಾಷೆಗೆ ಹೇಳುವ ನೆಂಟರನ್ನೂ ತಡೆಯಿರಿ. ‘ಮುಂದಿನ ವಾರದಿಂದ ನೀನು ಹೊಸ ಮನೆಯಲ್ಲಿ ಆಟ ಆಡ್ತೀಯ, ಆಂಟಿ ಇಲ್ಲೇ ಇರ್ತಾರೆ’ ಎಂಬುದು ಸಾಕಷ್ಟು ನಿಜ, ಸಾಕಷ್ಟು ಸರಳ. ‘ದಿನಾ ಬಂದು ನೋಡ್ತೀನಿ’ ಎಂಬ ಸುಳ್ಳು ಆಶ್ವಾಸನೆ ಬೇಡ. ಇತರ ಮಕ್ಕಳಿಗೂ ಹೇಳಬೇಕು. ಒಂದು ಬೆಳಿಗ್ಗೆ ಗೆಳೆಯನ ಚೀಲದ ಗೂಟ ಖಾಲಿ ಇದ್ದರೆ ನಾಳೆ ತಮ್ಮ ಸರದಿಯೋ ಎಂದು ಅವರೂ ಹೆದರುತ್ತಾರೆ. ನೋಟಿಸ್ ಅವಧಿಯಲ್ಲಿ ಮಗು ಮತ್ತೆ ಚಡ್ಡಿ ಒದ್ದೆ ಮಾಡಿಕೊಳ್ಳುವುದು, ನಿದ್ದೆ ಕೆಡುವುದು ಉಂಟು. ಹೊಸ ಕಡೆ ಒಗ್ಗಿದ ಮೇಲೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಪ್ರಶ್ನೆ: ಮಗು ಬಿಟ್ಟ ಮೇಲೆ ಅದರ ಫೋಟೊ, ಅರ್ಜಿ, ಔಷಧ ಇವನ್ನೆಲ್ಲ ಏನು ಮಾಡಬೇಕು?

ಬಟ್ಟೆ, ಬಾಟಲಿ, ಉಳಿದ ಡೈಪರ್, ಔಷಧ ಎಲ್ಲವನ್ನೂ ಕೊನೆಯ ದಿನ ಪಟ್ಟಿ ಮಾಡಿ ಕೊಟ್ಟು ಸಹಿ ಪಡೆಯಿರಿ. ಅಲರ್ಜಿಯ ತುರ್ತು ಔಷಧವನ್ನು ಚೀಲದೊಳಗೆ ಹಾಕಿ ಕಳಿಸದೆ ಕೈಗೇ ಕೊಡಿ, ಅವಧಿ ಮುಗಿಯುವ ತಿಂಗಳನ್ನೂ ಓದಿ ಹೇಳಿ. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಅಲರ್ಜಿ ಪಟ್ಟಿಯಿಂದ ಹೆಸರು ತೆಗೆಯಿರಿ. ಕುಟುಂಬವನ್ನು ವಾಟ್ಸ್ಆ್ಯಪ್ ಗುಂಪಿನಿಂದ ತೆಗೆಯುವ ಮುನ್ನ ಅವರಿಗೊಂದು ಮಾತು ಹೇಳಿ. ಹೇಳದೆ ತೆಗೆದರೆ ಅವಮಾನ ಎನಿಸುತ್ತದೆ. ತೆಗೆಯದೇ ಬಿಟ್ಟರೆ ಉಳಿದ ಮಕ್ಕಳ ಫೋಟೊಗಳು ಹೊರಗಿನವರಿಗೆ ಹೋಗುತ್ತಲೇ ಇರುತ್ತವೆ. ಮಗುವಿನ ಫೋಟೊಗಳನ್ನು ಮನೆಯವರಿಗೆ ಕಳಿಸಿ ನಿಮ್ಮ ಫೋನಿನಿಂದ, ಸಹಾಯಕಿಯ ಫೋನಿನಿಂದ ಅಳಿಸಿ. ಜಾಹೀರಾತಿಗೆ ಬಳಸಿದ್ದ ಫೋಟೊ ಇದ್ದರೆ ಮತ್ತೆ ಕೇಳಿ ಒಪ್ಪಿಗೆ ತೆಗೆದುಕೊಳ್ಳಿ, ಇಲ್ಲದಿದ್ದರೆ ಇಳಿಸಿ.

ಅಳಿಸಬಾರದ್ದು ಹಾಜರಿ ಪುಸ್ತಕ, ರಸೀದಿಗಳು, ಬಿದ್ದು ಪೆಟ್ಟಾದಾಗ ಬರೆದ ಟಿಪ್ಪಣಿಗಳು, ನೋಟಿಸ್ ಪತ್ರ ಮತ್ತು ಅದಕ್ಕೆ ಬಂದ ಉತ್ತರ. ಎಷ್ಟು ವರ್ಷ ಎಂಬುದನ್ನು ನಿಮ್ಮ ಲೈಸೆನ್ಸ್ ಮತ್ತು ತೆರಿಗೆ ನಿಯಮ ಹೇಳುತ್ತವೆ. ಮಗುವಿನ ಹೆಸರಿನ ಒಂದೇ ಲಕೋಟೆಯಲ್ಲಿ ಹಾಕಿ, ಮೇಲೆ ಕೊನೆಯ ದಿನದ ತಾರೀಖು ಬರೆದು, ಬೀಗವಿರುವ ಕಡೆ ಇಡಿ.